ಫ್ರೀ ಕಟಿಂಗ್ ಹಿತ್ತಾಳೆ: ತೊಂದರೆ ಟೂಲಿನದೋ, ರಾಡಿನದೋ, ಆಯ್ಕೆಯದೋ?

ಲೇತಿನಲ್ಲಿ, ಸುಲಭವಾಗಿ ಕಟ್ ಆಗಲೆಂದು ಸೀಸ ಸೇರಿಸಿದ ಫ್ರೀ ಕಟಿಂಗ್ ಹಿತ್ತಾಳೆಯಷ್ಟು ಹೇಳಿದ ಹಾಗೆ ಕೇಳುವ ಲೋಹ ಇನ್ನೊಂದಿಲ್ಲ. ತಾಮ್ರದ ಮಿಶ್ರಲೋಹಗಳಲ್ಲಿ ಯಾವುದು ಎಷ್ಟು ಸುಲಭವಾಗಿ ಕಟ್ ಆಗುತ್ತದೆ ಎಂದು ಅಂಕ ಕೊಡುವಾಗ ಇದಕ್ಕೇ 100 ಎಂದು ಇಟ್ಟುಕೊಂಡು ಉಳಿದವನ್ನು ಅಳೆಯುತ್ತಾರೆ. ಅದೇ ಲೆಕ್ಕದಲ್ಲಿ 70:30 ಹಿತ್ತಾಳೆಗೆ (ತಾಮ್ರ 70, ಸತು 30) ಸಿಗುವುದು 30 ಮಾತ್ರ. ಇಂಥ ಲೋಹದಲ್ಲಿ ಡ್ರಿಲ್ ಕಚ್ಚಿಕೊಂಡರೆ, ಜಾಬ್ (ಮಾಡುತ್ತಿರುವ ಭಾಗ) ಬಿರುಕು ಬಿಟ್ಟರೆ, ಪ್ಲೇಟಿಂಗ್ ಉಬ್ಬಿ ಎದ್ದರೆ ಎಲ್ಲರೂ ಮೊದಲು ದೂರುವುದು ರಾಡನ್ನು. ರಾಡು ಕೆಟ್ಟದ್ದಿರುವುದೂ ಉಂಟು. ಆದರೆ ಹೆಚ್ಚಿನ ಸಲ ಕಾರಣ ಬೇರೆ ಇರುತ್ತದೆ: ಒಂದೋ ಉಕ್ಕಿಗೆ ಬಳಸುವ ಟೂಲನ್ನೇ ಇದಕ್ಕೂ ಹಾಕಿರುತ್ತಾರೆ, ಇಲ್ಲವೇ ಈ ಹಿತ್ತಾಳೆಗೆ ಒಗ್ಗದ ಕೆಲಸಕ್ಕೆ ಇದನ್ನು ಆರಿಸಿರುತ್ತಾರೆ.

ಎರಡಕ್ಕೂ ಮೂಲ ಸೀಸ. ಅಮೆರಿಕದ ಸಿ36000 ದರ್ಜೆಯಲ್ಲಿ ತಾಮ್ರ ಶೇ. 60ರಿಂದ 63, ಸೀಸ ಸುಮಾರು ಶೇ. 3, ಉಳಿದದ್ದು ಸತು. ಯುರೋಪಿನ ಸಿಡಬ್ಲ್ಯು614ಎನ್‌ನಲ್ಲಿ ತಾಮ್ರ ಶೇ. 57ರಿಂದ 59, ಸೀಸ ಶೇ. 2.5ರಿಂದ 3.5. ಸತು ತಾಮ್ರದಲ್ಲಿ ಬೆರೆತು ಒಂದಾಗುತ್ತದೆ, ಸೀಸ ಬೆರೆಯುವುದಿಲ್ಲ. ಅದು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಲೋಹದ ತುಂಬ ಹರಡಿಕೊಂಡು ಬೇರೆಯಾಗಿಯೇ ಉಳಿಯುತ್ತದೆ. ಟೂಲಿನ ಬಾಯಿ ಆ ಹನಿ ಇರುವಲ್ಲಿಗೆ ಬಂದಾಗ ಚಿಪ್ಸ್ (ಟೂಲ್ ಕೊಯ್ದು ತೆಗೆದ ಚೂರು) ಅಲ್ಲಿಯೇ ತುಂಡಾಗುತ್ತದೆ. ಸೀಸ ಟೂಲಿನ ಮೇಲೆ ತೆಳುವಾಗಿ ಸವರಿಕೊಂಡು ಎಣ್ಣೆಯ ಕೆಲಸವನ್ನೂ ಮಾಡುತ್ತದೆ. ಕಟಿಂಗಿಗೆ ವರವಾದ ಈ ಹನಿಗಳೇ ಬಗ್ಗಿಸುವಾಗ, ಬೆಸುಗೆ ಹಾಕುವಾಗ, ಪ್ಲೇಟಿಂಗ್ ಮಾಡುವಾಗ, ಕುಡಿಯುವ ನೀರು ತಾಗುವಾಗ ಅಡ್ಡ ಬರುತ್ತವೆ. ಮುಂದೆ ಹೇಳುವ ದೋಷಗಳಲ್ಲಿ ಬಹುಪಾಲು ಇದೊಂದು ಸಂಗತಿಯಿಂದ ಬಿಡಿಸಿಕೊಳ್ಳುತ್ತವೆ.

ಮೊದಲು ಚಿಪ್ಸ್ ನೋಡಿ

ಯಾವುದೇ ಸೆಟ್ಟಿಂಗ್ ಬದಲಿಸುವ ಮೊದಲು ಟ್ರೇಯಲ್ಲಿ ಬಿದ್ದ ಚಿಪ್ಸನ್ನು ಬೆರಳಲ್ಲಿ ಹಿಡಿದು ನೋಡಿ. ಸರಿಯಾದ ಫ್ರೀ ಕಟಿಂಗ್ ಹಿತ್ತಾಳೆಯ ಚಿಪ್ಸ್ ಸಣ್ಣ ಸೂಜಿಯಂತೆ, ಒರಟು ರವೆಯಂತೆ ಉದುರುತ್ತದೆ. ಉದ್ದ ಸುರುಳಿ ಬರುತ್ತಿದ್ದರೆ ಅದು ಫ್ರೀ ಕಟಿಂಗ್ ರಾಡೇ ಅಲ್ಲದಿರಬಹುದು, 70:30 ಹಿತ್ತಾಳೆಯೋ ಸೀಸವಿಲ್ಲದ ಹೊಸ ದರ್ಜೆಯೋ ಇದರೊಳಗೆ ಸೇರಿಕೊಂಡಿರಬಹುದು. ಒಂದೇ ರಾಡಿನ ಒಂದು ಕಡೆ ಪುಡಿ, ಇನ್ನೊಂದು ಕಡೆ ಸುರುಳಿ ಬಂದರೆ ಸೀಸ ಸಮವಾಗಿ ಹರಡಿಲ್ಲ ಎಂದು ಅನುಮಾನಿಸಿ.

ತೂಕ ಹಾಕಿ ದರ್ಜೆ ಕಂಡುಹಿಡಿಯಲು ಹೋಗಬೇಡಿ. ಇದರ ಸಾಂದ್ರತೆ ಘನ ಸೆಂಟಿಮೀಟರಿಗೆ 8.49 ಗ್ರಾಂ, 70:30 ಹಿತ್ತಾಳೆಯದು 8.53. 20 ಮಿ.ಮೀ. ದಪ್ಪದ 100 ಮಿ.ಮೀ. ತುಂಡು ಸುಮಾರು 267 ಗ್ರಾಂ ತೂಗುತ್ತದೆ, ಇನ್ನೊಂದು ಅದಕ್ಕಿಂತ ಒಂದು ಗ್ರಾಂನಷ್ಟು ಮಾತ್ರ ಹೆಚ್ಚು. ರಾಡಿನ ವ್ಯಾಸದಲ್ಲಿರುವ ಸಣ್ಣ ವ್ಯತ್ಯಾಸವೇ ಅದನ್ನು ನುಂಗಿಬಿಡುತ್ತದೆ. ಬಣ್ಣ ನೋಡಿ ಹೇಳುವುದೂ ನಂಬಲರ್ಹವಲ್ಲ. ಅನುಮಾನದ ರಾಡಿಗೂ ಖಚಿತವಾಗಿ ಗೊತ್ತಿರುವ ರಾಡಿಗೂ ಒಂದೇ ಡ್ರಿಲ್ಲಿನಲ್ಲಿ, ಒಂದೇ ವೇಗದಲ್ಲಿ ತೂತು ಹಾಕಿ ಚಿಪ್ಸನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡುವುದು ವರ್ಕ್‌ಶಾಪಿನಲ್ಲಿ ಮಾಡಬಹುದಾದ ಒಳ್ಳೆಯ ಪರೀಕ್ಷೆ. ದೊಡ್ಡ ಲಾಟ್ ಆದರೆ ಎಕ್ಸ್‌ರೇ ಗನ್ನಿನಿಂದ ಸಂಯೋಜನೆ ನೋಡಿಸಿ, ಸರ್ಟಿಫಿಕೇಟಿನ ಜೊತೆ ತಾಳೆ ಹಾಕಿ.

ಚಿಪ್ಸ್ ಸರಿಯಾಗಿಯೇ ಬರುತ್ತಿದೆ, ಆದರೆ ಟೂಲ್ ಮಾತ್ರ ಇದ್ದಕ್ಕಿದ್ದಂತೆ ಮೊಂಡಾಗುತ್ತಿದೆ ಎಂದರೆ ಆಗ ರಾಡನ್ನು ದೂರಬಹುದು. ಗುಜರಿಯಿಂದ ಕರಗಿಸಿ ಮಾಡಿದ ರಾಡಿನಲ್ಲಿ ಕಬ್ಬಿಣ ಹೆಚ್ಚಾಗಿದ್ದರೆ ಗಟ್ಟಿ ಕಾಳುಗಳು ಉಳಿದುಬಿಡುತ್ತವೆ. ಸಿ36000ದಲ್ಲಿ ಕಬ್ಬಿಣ ಶೇ. 0.35 ಮೀರಬಾರದು. ಕಾಳು ಇರುವ ರಾಡಿನ ಫಿನಿಶ್ ಮೇಲೆ ಅಲ್ಲಲ್ಲಿ ಚಿಕ್ಕ ಚುಕ್ಕೆ, ಅದರ ಹಿಂದೆ ಬಾಲದಂತೆ ಗೀಟು ಕಾಣುತ್ತದೆ.

ಡ್ರಿಲ್ ಕಚ್ಚಿ ಒಳಗೆ ಎಳೆದುಕೊಳ್ಳುವುದು

ಹಿತ್ತಾಳೆಯ ಕೆಲಸದಲ್ಲಿ ಅತಿ ಸಾಮಾನ್ಯವೂ ಅತಿ ಅಪಾಯಕಾರಿಯೂ ಆದ ತೊಂದರೆ ಇದು. ಡ್ರಿಲ್ ಸಲೀಸಾಗಿ ಇಳಿಯುತ್ತಿರುತ್ತದೆ. ತೂತು ಆಚೆ ಕಡೆ ಬಾಯಿ ಬಿಡುವ ಹೊತ್ತಿಗೆ ಗಕ್ಕನೆ ಸ್ಕ್ರೂವಿನಂತೆ ಒಳಗೆ ಎಳೆದುಕೊಂಡು ಜಾಬನ್ನು ವೈಸಿನಿಂದ ಕಿತ್ತು ತಿರುಗಿಸಿಬಿಡುತ್ತದೆ, ಇಲ್ಲವೇ ತಾನೇ ಮುರಿಯುತ್ತದೆ. ಮೊದಲೇ ಇರುವ ತೂತನ್ನು ದೊಡ್ಡದು ಮಾಡುವಾಗ ಇದು ಇನ್ನೂ ಜೋರು.

ಕಾರಣ ಇಷ್ಟೇ. ಮಾಮೂಲಿ ಟ್ವಿಸ್ಟ್ ಡ್ರಿಲ್ಲಿನ ಹೊರ ಅಂಚಿನಲ್ಲಿ ರೇಕ್ ಕೋನ, ಅಂದರೆ ಕತ್ತರಿಸುವ ಅಂಚಿನ ಮುಂಭಾಗದ ವಾಲು, ಸುಮಾರು 30 ಡಿಗ್ರಿ ಇರುತ್ತದೆ. ಉಕ್ಕು ಗಟ್ಟಿಯಾಗಿ ಎದುರು ನಿಲ್ಲುವುದರಿಂದ ನಾವು ಒತ್ತಿದಷ್ಟೇ ಡ್ರಿಲ್ ಮುಂದೆ ಹೋಗುತ್ತದೆ. ಹಿತ್ತಾಳೆ ಎದುರು ನಿಲ್ಲುವುದಿಲ್ಲ, ಹಾಗಾಗಿ ಆ ಚೂಪು ಕೋನ ತನ್ನನ್ನು ತಾನೇ ಲೋಹದೊಳಕ್ಕೆ ಎಳೆದುಕೊಳ್ಳುತ್ತದೆ. ತೂತಿಲ್ಲದ ಇಡೀ ಲೋಹದಲ್ಲಿ ಹೊಸ ತೂತು ಹಾಕುವಾಗ ಡ್ರಿಲ್ಲಿನ ನಡುವಿನ ಚಿಸೆಲ್ ಅಂಚು ಅಡ್ಡ ನಿಂತು ತಡೆಯುತ್ತದೆ. ತೂತು ಆಚೆ ಬಂದಾಗಲೂ ಹಳೆಯ ತೂತನ್ನು ಅಗಲಿಸುವಾಗಲೂ ಆ ತಡೆ ಇಲ್ಲ.

ಪರಿಹಾರಕ್ಕೆ ಡ್ರಿಲ್ಲಿನ ಬಾಯಿಯ ಚೂಪು ಕೋನವನ್ನು ತೆಗೆಯಬೇಕು. ಸಣ್ಣ ಎಣ್ಣೆಕಲ್ಲು ಅಥವಾ ಡೈಮಂಡ್ ಫೈಲ್ ತೆಗೆದುಕೊಂಡು, ಡ್ರಿಲ್ಲಿನ ಉದ್ದಕ್ಕೆ ಸಮಾನಾಂತರವಾಗಿ, ಕತ್ತರಿಸುವ ಅಂಚಿನ ಮುಂಭಾಗಕ್ಕೆ, ಅಂದರೆ ಡ್ರಿಲ್ಲಿನ ಸುರುಳಿ ತೋಡಿನ (ಫ್ಲೂಟ್) ಒಳಮೈಗೆ ಹಿಡಿದು ಮೂರು ನಾಲ್ಕು ಸಲ ಉಜ್ಜಿ. ಅಂಚಿನ ಉದ್ದಕ್ಕೂ 0.3ರಿಂದ 0.5 ಮಿ.ಮೀ. ಅಗಲದ ಚಪ್ಪಟೆ ಪಟ್ಟಿ ಬೆಳಕಿನಲ್ಲಿ ಮಿನುಗಬೇಕು. ಎರಡು ಬಾಯಿಗೂ ಒಂದೇ ಅಗಲ ಇರಲಿ, ಹೆಚ್ಚುಕಡಿಮೆಯಾದರೆ ತೂತು ಅಳತೆಗಿಂತ ದೊಡ್ಡದಾಗುತ್ತದೆ. ಅಂಚಿನ ಹಿಂದಿನ ಇಳಿಜಾರನ್ನು ಮುಟ್ಟಬೇಡಿ; ಅದನ್ನು ಉಜ್ಜಿದರೆ ಡ್ರಿಲ್ ಕಟ್ ಮಾಡುವ ಬದಲು ತಿಕ್ಕುತ್ತದೆ. ಹೀಗೆ ಮಾಡಿದ ಡ್ರಿಲ್ಲುಗಳಿಗೆ ಬಣ್ಣ ಹಚ್ಚಿ ಬೇರೆ ಡಬ್ಬಿಯಲ್ಲಿ ಇಡಿ, ಅವು ಉಕ್ಕಿಗೆ ಬರುವುದಿಲ್ಲ.

ಉಜ್ಜಲು ಮನಸ್ಸಿಲ್ಲದಿದ್ದರೆ ಕಡಿಮೆ ತಿರುವಿನ, ಹಿತ್ತಾಳೆಗೆಂದೇ ಬರುವ ಡ್ರಿಲ್ ಅಥವಾ ನೇರ ತೋಡಿನ ಡ್ರಿಲ್ ತರಿಸಿ. ಏನೇ ಆದರೂ ಜಾಬನ್ನು ಕೈಯಲ್ಲಿ ಹಿಡಿದು ತೂತು ಹಾಕಬೇಡಿ. ತೆಳು ತಗಡಿನ ಹಿತ್ತಾಳೆಯಂತೂ ಕಚ್ಚಿಕೊಂಡ ಕ್ಷಣವೇ ಕತ್ತಿಯಂತೆ ಸುತ್ತುತ್ತದೆ.

ಫಿನಿಶ್ ಒರಟು, ಚಾಟರ್ (ನಡುಕದ) ಗುರುತು

ಹಿತ್ತಾಳೆಗೆ ಮೇಲ್ಮುಖ ರೇಕ್ 0ಯಿಂದ 5 ಡಿಗ್ರಿ ಸಾಕು, ಕ್ಲಿಯರೆನ್ಸ್, ಅಂದರೆ ಅಂಚಿನ ಹಿಂದಿನ ಇಳಿಜಾರು, 6ರಿಂದ 8. ಉಕ್ಕಿಗೆಂದು ಹೆಚ್ಚು ರೇಕ್ ಕೊಟ್ಟು ಉಜ್ಜಿದ ಟೂಲ್ ಇಲ್ಲಿ ಅಗೆಯುತ್ತದೆ, ಕ್ರಾಸ್‌ಸ್ಲೈಡಿನ ಸಡಿಲ ಎಷ್ಟಿದೆಯೋ ಅಷ್ಟು ಮುಂದಕ್ಕೆ ಎಳೆದುಕೊಳ್ಳುತ್ತದೆ. ಇನ್ಸರ್ಟ್ (ಬದಲಿಸಬಹುದಾದ ಟೂಲ್ ತುದಿ) ಆದರೆ ಕೋಟಿಂಗ್ ಇಲ್ಲದ, ಗ್ರೈಂಡ್ ಮಾಡಿದ ಚೂಪು ಅಂಚಿನ ಕೆ ವರ್ಗದ ಕಾರ್ಬೈಡ್ ಒಳ್ಳೆಯದು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು: ಒಮ್ಮೆ ಉಕ್ಕಿಗೆ ಹಾಕಿದ ಇನ್ಸರ್ಟನ್ನು ಹಿತ್ತಾಳೆಯ ಫಿನಿಶಿಂಗಿಗೆ ಬಳಸಬಾರದು. ಕಣ್ಣಿಗೆ ಚೆನ್ನಾಗಿಯೇ ಕಂಡರೂ ಅದರ ಅಂಚು ಸವೆದು ಗುಂಡಾಗಿರುತ್ತದೆ. ಹಿತ್ತಾಳೆ ಅದರಡಿಯಲ್ಲಿ ಕಟ್ ಆಗದೆ ಉಜ್ಜಿಸಿಕೊಳ್ಳುತ್ತದೆ, ಮೇಲ್ಮೈ ಮಂಕಾಗುತ್ತದೆ, ಅಂಚಿನಲ್ಲಿ ಬರ್ (ಚೂಪು ಸಿಬರು) ಏಳುತ್ತದೆ.

ವೇಗ ಕಡಿಮೆ ಇಟ್ಟುಕೊಳ್ಳುವುದು ಇನ್ನೊಂದು ತಪ್ಪು. ಹೈಸ್ಪೀಡ್ ಸ್ಟೀಲ್ ಟೂಲಿಗೆ ನಿಮಿಷಕ್ಕೆ 60ರಿಂದ 100 ಮೀಟರ್, ಕಾರ್ಬೈಡಿಗೆ 200 ಮೀಟರ್ ಮತ್ತು ಅದಕ್ಕೂ ಮೇಲೆ ಆರಾಮಾಗಿ ಹೋಗಬಹುದು. 20 ಮಿ.ಮೀ. ರಾಡಿಗೆ 100 ಮೀಟರ್ ಎಂದರೆ ಸುಮಾರು 1,600 ಆರ್‌ಪಿಎಂ. ಬಹಳ ಸಲ ತಡೆಯುವುದು ಲೋಹವಲ್ಲ, ಮೆಷಿನ್ನಿನ ಮೇಲ್ಮಿತಿ.

ಚಾಟರ್ ಬಂದರೆ ಜಾಬ್ ಎಷ್ಟು ಹೊರಗೆ ಚಾಚಿದೆ ನೋಡಿ. ಹಿತ್ತಾಳೆಯ ಬಿಗುವು, ಅಂದರೆ ಸ್ಥಿತಿಸ್ಥಾಪಕ ಗುಣಾಂಕ, ಸುಮಾರು 97 ಗಿಗಾಪ್ಯಾಸ್ಕಲ್. ಉಕ್ಕಿನದು 200ರ ಆಸುಪಾಸು. ಅದೇ ದಪ್ಪದ ರಾಡು ಅದೇ ಬಲಕ್ಕೆ ಉಕ್ಕಿಗಿಂತ ಎರಡರಷ್ಟು ಬಾಗುತ್ತದೆ ಎಂದಾಯಿತು. ವ್ಯಾಸದ ಮೂರು ಪಟ್ಟಿಗಿಂತ ಹೆಚ್ಚು ಚಾಚಿದ್ದರೆ ತುದಿಗೆ ಸೆಂಟರಿನ ಆಸರೆ ಕೊಡಿ. ಆಮೇಲೆ ಟೂಲ್ ತುದಿಯ ದುಂಡನ್ನು (ನೋಸ್ ರೇಡಿಯಸ್) 0.2ಕ್ಕೋ 0.4 ಮಿ.ಮೀ.ಗೋ ಇಳಿಸಿ, ಫೀಡ್ ಸ್ವಲ್ಪ ಏರಿಸಿ. ಫೀಡ್ ಕಡಿಮೆ ಮಾಡಿದಷ್ಟೂ ಟೂಲ್ ತಿಕ್ಕಲು ಶುರುಮಾಡಿ ಚಾಟರ್ ಹೆಚ್ಚುವ ಸಾಧ್ಯತೆಯೇ ಜಾಸ್ತಿ.

ಮೆಷಿನ್ ಮೇಲೆ ಅಳತೆ ಸರಿ, ಅರ್ಧ ಗಂಟೆಯ ನಂತರ ಕಡಿಮೆ

ಇದು ಬಿಸಿಯ ಆಟ. ಹಿತ್ತಾಳೆ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಹತ್ತು ಲಕ್ಷದಲ್ಲಿ 20.5 ಭಾಗ ಹಿಗ್ಗುತ್ತದೆ, ಉಕ್ಕು 11ರಿಂದ 12. 25 ಮಿ.ಮೀ. ಜಾಬ್ ಕೋಣೆಯ ಉಷ್ಣತೆಗಿಂತ 40 ಡಿಗ್ರಿ ಹೆಚ್ಚು ಬಿಸಿಯಾಗಿದ್ದಾಗ ಅಳತೆ ಮಾಡಿದರೆ ತಣ್ಣಗಾದ ಮೇಲೆ 0.02 ಮಿ.ಮೀ. ಕುಗ್ಗಿರುತ್ತದೆ. ಬಿಗಿ ಟಾಲರೆನ್ಸಿನ ಕೆಲಸಕ್ಕೆ ಅಷ್ಟೇ ಸಾಕು ಜಾಬ್ ರಿಜೆಕ್ಟ್ ಆಗಲು. ಈ ಲೋಹವನ್ನು ಒಣದಾಗಿಯೇ ಕಟ್ ಮಾಡಬಹುದು ನಿಜ, ಆದರೆ ಅಳತೆ ಮುಖ್ಯವಿದ್ದಲ್ಲಿ ಕೂಲೆಂಟ್ ಬಿಡಿ. ಪರೀಕ್ಷಿಸಲು ಒಂದು ಜಾಬನ್ನು ಅಳೆದು ಗುರುತು ಹಾಕಿ, ಗೇಜಿನ ಪಕ್ಕದಲ್ಲೇ ಇಟ್ಟು, ಪೂರ್ತಿ ತಣಿದ ಮೇಲೆ ಮತ್ತೆ ಅಳೆಯಿರಿ. ವ್ಯತ್ಯಾಸ ಇಲ್ಲದಿದ್ದರೆ ಮಾತ್ರ ಟೂಲ್ ಸವೆತವನ್ನೋ ಸ್ಲೈಡಿನ ಸಡಿಲವನ್ನೋ ಹುಡುಕಲು ಹೊರಡಿ.

ಥ್ರೆಡ್, ನರ್ಲಿಂಗ್, ಬಾಗಿಸುವಿಕೆ

ಟ್ಯಾಪಿಂಗಿನಲ್ಲಿ ತೊಂದರೆ ಬರುವುದು ಅಪರೂಪ. ಚಿಪ್ಸ್ ಪುಡಿಯಾಗಿ ಬರುವುದರಿಂದ ನೇರ ತೋಡಿನ ಟ್ಯಾಪ್ ಸಾಕು. ಕುರುಡು ತೂತಿನಲ್ಲಿ ಮಾತ್ರ ಪುಡಿ ತಳದಲ್ಲಿ ಗಟ್ಟಿಯಾಗಿ ಕೂತು ಟ್ಯಾಪ್ ಮುರಿಯುತ್ತದೆ, ಅದಕ್ಕೆ ತೂತನ್ನು ಇನ್ನಷ್ಟು ಆಳ ಮಾಡಿ ಪುಡಿಗೆ ಜಾಗ ಕೊಡಿ. ಎಂ8ಕ್ಕೆ 6.8, ಎಂ6ಕ್ಕೆ 5 ಮಿ.ಮೀ. ಡ್ರಿಲ್.

ಕತ್ತರಿಸದೆ ಒತ್ತಿ ಥ್ರೆಡ್ ಎಬ್ಬಿಸುವ ಟ್ಯಾಪ್, ರೋಲಿಂಗ್, ಹಿಡಿತಕ್ಕೆಂದು ಮೈಮೇಲೆ ಗೀರು ಒತ್ತುವ ಆಳವಾದ ನರ್ಲಿಂಗ್ ಇವುಗಳಲ್ಲಿ ಹಲ್ಲಿನ ತುದಿ ಪಕಳೆಯಂತೆ ಎದ್ದರೆ ಮೆಷಿನ್ನನ್ನು ದೂರಬೇಡಿ. ತಣ್ಣನೆಯ ಸ್ಥಿತಿಯಲ್ಲಿ ಲೋಹ ಹರಿಯಬೇಕಾದಾಗ ಸೀಸದ ಹನಿಗಳು ಹರಿಯುವ ದಾರಿಯನ್ನೇ ತುಂಡರಿಸುತ್ತವೆ. ಪೈಪಿನ ತುದಿ ಮಡಿಚುವಾಗ, ರಿವೆಟ್ ತಲೆ ಬಡಿಯುವಾಗ ಒಡೆಯುವುದೂ ಇದೇ ಕಾರಣಕ್ಕೆ. 425ರಿಂದ 600 ಡಿಗ್ರಿಯಲ್ಲಿ ಅನೀಲ್ ಮಾಡಿದರೆ (ಕಾಯಿಸಿ ತಣಿಸಿದರೆ) ಸ್ವಲ್ಪ ಮೆತ್ತಗಾಗುತ್ತದೆ, ಆದರೆ ಸೀಸ ಎಲ್ಲಿಗೂ ಹೋಗುವುದಿಲ್ಲ. ಬಗ್ಗಿಸುವುದೂ ಇದೆ, ಕಟಿಂಗೂ ಇದೆ ಎಂದರೆ ತಾಮ್ರ ಶೇ. 62ರಿಂದ 65, ಸೀಸ ಶೇ. 1.5ರಿಂದ 2.5 ಇರುವ ಸಿ34500ರಂಥ ದರ್ಜೆ ಕೇಳಿ. ಬಿಸಿ ಫೋರ್ಜಿಂಗಿಗೆ ಬೇಕಾದದ್ದು ಸಿ37700 ಅಥವಾ ಸಿಡಬ್ಲ್ಯು617ಎನ್. ಮೂರನ್ನೂ ಒಂದೇ ರ‍್ಯಾಕಿನಲ್ಲಿ ಬಣ್ಣದ ಗುರುತಿಲ್ಲದೆ ಜೋಡಿಸಿಟ್ಟಲ್ಲಿ ಈ ದೋಷ ಮತ್ತೆ ಮತ್ತೆ ಬರುತ್ತದೆ.

ಚೆನ್ನಾಗಿದ್ದ ಭಾಗ ತಿಂಗಳಾದ ಮೇಲೆ ತಾನಾಗಿ ಬಿರುಕು ಬಿಡುವುದು

ಡಬ್ಬಿಯಲ್ಲಿ ಇಟ್ಟಿದ್ದ ನಟ್ಟು ಸೀಳಿರುತ್ತದೆ. ಸೋರದೆ ಇದ್ದ ಫಿಟ್ಟಿಂಗಿನಲ್ಲಿ ಉದ್ದಕ್ಕೂ ಕೂದಲೆಳೆಯಂಥ ಗೆರೆ ಬಿದ್ದಿರುತ್ತದೆ. ಲೋಹ ತೆಳುವಾಗಿರುವುದಿಲ್ಲ, ಬಾಗಿರುವುದಿಲ್ಲ, ಗಾಜಿನಂತೆ ಒಡೆದಿರುತ್ತದೆ. ಇದಕ್ಕೆ ಸೀಸನ್ ಕ್ರ್ಯಾಕಿಂಗ್ ಎನ್ನುತ್ತಾರೆ. ಈ ಹೆಸರಿನ ಹಿಂದೆ ನಮ್ಮ ಮಳೆಗಾಲವೇ ಇದೆ: 19ನೇ ಶತಮಾನದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೇನೆಯ ಹಿತ್ತಾಳೆ ತೋಟಾಗಳು ಮಳೆಗಾಲದಲ್ಲಿ ಕುದುರೆಲಾಯದ ಬಳಿ ಇಟ್ಟಾಗ ಬಿರುಕು ಬಿಡುತ್ತಿದ್ದವು. ಲಾಯದಲ್ಲಿನ ಅಮೋನಿಯಾ ಅದಕ್ಕೆ ಕಾರಣ ಎಂಬುದು ಸ್ಪಷ್ಟವಾದದ್ದು 1921ರಲ್ಲಿ.

ಮೂರು ಸೇರಿದರೆ ಮಾತ್ರ ಈ ಬಿರುಕು ಬರುತ್ತದೆ: ಲೋಹದೊಳಗೆ ಎಳೆತ, ಅಮೋನಿಯಾ, ತೇವ. ಯಾವುದಾದರೂ ಒಂದನ್ನು ತೆಗೆದರೆ ಸಾಕು, ಹಾಗಾಗಿ ಮೂರನ್ನೂ ಒಂದೊಂದಾಗಿ ಹುಡುಕಿ.

ಎಳೆತ ಎರಡು ಕಡೆಯಿಂದ ಬರುತ್ತದೆ. ತಣ್ಣಗೆ ಎಳೆದು ಮಾಡಿದ ರಾಡಿನಲ್ಲೇ ಅದು ಕೂತಿರಬಹುದು, ಇಲ್ಲವೇ ಜೋಡಿಸುವಾಗ ನಾವೇ ಕೊಟ್ಟಿರಬಹುದು. ಟೇಪರ್ ಥ್ರೆಡ್ಡಿಗೆ ಟೆಫ್ಲಾನ್ ಟೇಪನ್ನು ದಪ್ಪಗೆ ಸುತ್ತಿ ಸ್ಪ್ಯಾನರಿನ ಹಿಡಿಗೆ ಪೈಪ್ ಸೇರಿಸಿ ಬಿಗಿದರೆ ಹೆಣ್ಣು ಫಿಟ್ಟಿಂಗ್ ಒಳಗಿನಿಂದ ಬೆಣೆ ಹೊಡೆದಂತೆ ಹಿಗ್ಗಿ ನಿಂತಿರುತ್ತದೆ. ಬಿರುಕು ಥ್ರೆಡ್ಡಿನ ಬಾಯಿಯಿಂದ ಶುರುವಾಗಿ ಉದ್ದಕ್ಕೆ ಓಡಿದ್ದರೆ ಬಿಗಿದ ಕೈಯನ್ನು ಅನುಮಾನಿಸಿ. ಜೋಡಿಸದೇ ಇಟ್ಟಿದ್ದ ಭಾಗವೂ ಸೀಳಿದ್ದರೆ ಎಳೆತ ರಾಡಿನದು.

ಅಮೋನಿಯಾ ನೆಲ ಒರೆಸುವ ದ್ರಾವಣದಿಂದ, ಗಾಜು ತೊಳೆಯುವ ದ್ರವದಿಂದ, ಗೊಬ್ಬರದಿಂದ, ದನದ ಕೊಟ್ಟಿಗೆಯಿಂದ, ಕೆಲವು ಫೋಮ್ ಇನ್ಸುಲೇಶನ್‌ಗಳಿಂದ ಬರುತ್ತದೆ. ಬಿರುಕಿನ ಸುತ್ತ ನೀಲಿ-ಹಸಿರು ಕಲೆ ಇದ್ದರೆ ಅದೂ ಒಂದು ಸುಳಿವು.

ತಯಾರಿಸುವವರ ಕೈಯಲ್ಲಿರುವ ಪರಿಹಾರ ಸ್ಟ್ರೆಸ್ ರಿಲೀಫ್: ಸುಮಾರು 250 ಡಿಗ್ರಿಯಲ್ಲಿ ಒಂದು ಗಂಟೆ. ಇಷ್ಟು ಬಿಸಿಗೆ ಗಡಸುತನ ಹೆಚ್ಚೇನೂ ಇಳಿಯುವುದಿಲ್ಲ, ಒಳಗಿನ ಎಳೆತ ಮಾತ್ರ ಬಿಡುತ್ತದೆ. ಲಾಟಿನಿಂದ ಕೆಲವು ಭಾಗಗಳನ್ನು ಐಎಸ್‌ಒ 6957ರ ಅಮೋನಿಯಾ ಪರೀಕ್ಷೆಗೆ ಹಾಕಿಸಿದರೆ ಅದು ಸರಿಯಾಗಿ ನಡೆದಿದೆಯೋ ಇಲ್ಲವೋ ತಿಳಿಯುತ್ತದೆ. ಪಾದರಸದ ಲವಣ ಬಳಸುವ ಹಳೆಯ ಪರೀಕ್ಷೆಯೂ ಇದೆ, ಆದರೆ ಅದರ ವಿಷವನ್ನು ನಿಭಾಯಿಸುವ ವ್ಯವಸ್ಥೆ ಇಲ್ಲದವರು ಅದಕ್ಕೆ ಕೈ ಹಾಕಬಾರದು.

ನೀರಿನಲ್ಲಿ ಕೆಂಪಾಗಿ ಟೊಳ್ಳಾಗುವುದು

ವಾಲ್ವಿನ ಸ್ಪಿಂಡಲ್ ಹಳದಿ ಬಿಟ್ಟು ತಾಮ್ರದ ಕೆಂಪಿಗೆ ತಿರುಗಿದೆ, ಸ್ಪ್ಯಾನರ್ ಹಾಕಿದರೆ ಬಿಸ್ಕತ್ತಿನಂತೆ ಮುರಿಯುತ್ತದೆ ಎಂದರೆ ಸತು ಕರಗಿ ಹೋಗಿ ತಾಮ್ರದ ಜಾಳುಜಾಳಾದ ಗೂಡು ಮಾತ್ರ ಉಳಿದಿದೆ. ಶೇ. 15ಕ್ಕಿಂತ ಹೆಚ್ಚು ಸತು ಇರುವ ಹಿತ್ತಾಳೆಗೆಲ್ಲ ಈ ಭಯ ಇದೆ. ನಿಂತ ನೀರು, ಬಿಸಿ ನೀರು, ಕ್ಲೋರೈಡ್ ಹೆಚ್ಚಿರುವ ನೀರು ಇದನ್ನು ಚುರುಕುಗೊಳಿಸುತ್ತವೆ. ಖಚಿತ ಮಾಡಿಕೊಳ್ಳಲು ಭಾಗವನ್ನು ಅಡ್ಡ ಕೊಯ್ದು ನೋಡಿ: ಹಳದಿ ತಿರುಳಿನ ಸುತ್ತ ಕೆಂಪು ಉಂಗುರ ಕಾಣುತ್ತದೆ. ಉಂಗುರದ ದಪ್ಪವೇ ಹಾನಿಯ ಆಳ.

ಇಂಥ ಜಾಗದಲ್ಲಿ ಮತ್ತದೇ ಸಿ36000 ಭಾಗ ಹಾಕುವುದು ದುಡ್ಡು ದಂಡ. ಸಿಡಬ್ಲ್ಯು602ಎನ್ ಎಂಬ ಡಿಝಡ್‌ಆರ್ (ಸತು ಕರಗಿ ಹೋಗುವುದನ್ನು ತಡೆಯುವ) ಹಿತ್ತಾಳೆ ಬೇಕು. ಅದರಲ್ಲಿ ತಾಮ್ರ ಶೇ. 61ರಿಂದ 63, ಜೊತೆಗೆ ಶೇ. 0.02ರಿಂದ 0.15 ಆರ್ಸೆನಿಕ್ ಇರುತ್ತದೆ. ಹಿತ್ತಾಳೆಯೊಳಗೆ ಆಲ್ಫಾ, ಬೀಟಾ ಎಂಬ ಎರಡು ಬಗೆಯ ಹರಳುಗಳು (ಹಂತಗಳು) ಇರಬಹುದು; ಆರ್ಸೆನಿಕ್ ಕಾಯುವುದು ಆಲ್ಫಾ ಹಂತವನ್ನು ಮಾತ್ರ. ಫೋರ್ಜ್ ಮಾಡಿದ ಮೇಲೆ ಸರಿಯಾದ ಶಾಖ ಸಂಸ್ಕಾರ ಕೊಡದೆ ಬೀಟಾ ಹಂತ ಉಳಿದುಬಿಟ್ಟರೆ, ದರ್ಜೆ ಸರಿಯಿದ್ದೂ ಭಾಗ ಕೆಂಪಾಗುತ್ತದೆ. ಐಎಸ್‌ಒ 6509 ಪರೀಕ್ಷೆ, ಅಂದರೆ ಶೇ. 1ರ ತಾಮ್ರದ ಕ್ಲೋರೈಡ್ ದ್ರಾವಣದಲ್ಲಿ 75 ಡಿಗ್ರಿಯಲ್ಲಿ 24 ಗಂಟೆ, ಇದನ್ನು ಹಿಡಿಯುತ್ತದೆ.

ಕುಡಿಯುವ ನೀರಿನ ಮಾತು ಬೇರೆ. ಭಾಗ ಎಷ್ಟೇ ಗಟ್ಟಿಮುಟ್ಟಾಗಿರಲಿ, ಶೇ. 3 ಸೀಸದ ಹಿತ್ತಾಳೆ ಅಲ್ಲಿಗೆ ಸಲ್ಲದು. ಅಮೆರಿಕದಲ್ಲಿ 2014ರಿಂದ ನೀರು ತಾಗುವ ಮೇಲ್ಮೈಗಳಲ್ಲಿ ಸೀಸದ ಸರಾಸರಿ ಶೇ. 0.25 ಮೀರುವಂತಿಲ್ಲ. ಬದಲಿಗೆ ಸಿಲಿಕಾನ್ ಸೇರಿದ ಸಿ69300 ಅಥವಾ ಸೀಸ ಶೇ. 0.2ರೊಳಗಿರುವ ಸಿಡಬ್ಲ್ಯು510ಎಲ್ ಬಳಸಬಹುದು. ಹಳೆಯ ಸೆಟ್ಟಿಂಗನ್ನೇ ಇವುಗಳಿಗೆ ಹಾಕಿದರೆ ಟೂಲ್ ಬೇಗ ಸವೆಯುತ್ತದೆ, ಮೋಟರಿನ ಮೇಲೆ ಹೊರೆ ಬೀಳುತ್ತದೆ. ವೇಗ ಇಳಿಸಿ, ಚಿಪ್ಸ್ ಮುರಿಯುವ ಇನ್ಸರ್ಟ್ ಹಾಕಿ ಹೊಸದಾಗಿ ಶುರುಮಾಡಿ.

ಬೆಸುಗೆ, ಪ್ಲೇಟಿಂಗ್, ಕಲೆ

ಸಾಲ್ಡರ್ ತುಂಬ ಚೆನ್ನಾಗಿ ಹಿಡಿಯುತ್ತದೆ. ಬ್ರೇಜಿಂಗೂ ಆಗುತ್ತದೆ, ಆದರೆ ನಿಧಾನವಾಗಿ, ಎಲ್ಲ ಕಡೆ ಸಮವಾಗಿ ಕಾಯಿಸಬೇಕು. ಸೀಸ 327 ಡಿಗ್ರಿಗೇ ಕರಗಿರುತ್ತದೆ. ಒಂದೇ ಕಡೆ ಜ್ವಾಲೆ ಹಿಡಿದರೆ ಕರಗಿದ ಹನಿಗಳ ಜಾಗದಿಂದ ಲೋಹ ಬಿರುಕು ಬಿಡುತ್ತದೆ. ವೆಲ್ಡಿಂಗ್ ಬೇಡವೇ ಬೇಡ. ಲೋಹ ಪೂರ್ತಿ ಕರಗುವುದು 900 ಡಿಗ್ರಿಯ ಹತ್ತಿರ, ಸತು ಕುದಿಯುವುದು 907ಕ್ಕೆ. ಬಿಳಿ ಹೊಗೆ, ತೂತುಬಿದ್ದ ಜೋಡಣೆ, ಉಸಿರಿಗೆ ಸೀಸ ಬಿಟ್ಟರೆ ಬೇರೇನೂ ಸಿಗದು.

ನಿಕ್ಕಲ್ ಅಥವಾ ಕ್ರೋಮ್ ಪದರ ಗುಳ್ಳೆ ಎದ್ದರೆ ಆ ಗುಳ್ಳೆಯ ಕೆಳಗೆ ನೋಡಿ. ಬೂದು ಬಣ್ಣದ ಮಸಿ ಇದ್ದರೆ ಅದು ಕಟಿಂಗ್, ಪಾಲಿಶಿಂಗ್ ವೇಳೆ ಮೇಲ್ಮೈ ಮೇಲೆ ಸವರಿಕೊಂಡ ಸೀಸ. ಆಸಿಡ್ ಡಿಪ್ ಎಂದು ಗಂಧಕಾಮ್ಲ ಬಳಸಿದಲ್ಲಿ ಇದು ಖಾಯಂ ಅತಿಥಿ, ಏಕೆಂದರೆ ಸೀಸದ ಸಲ್ಫೇಟ್ ಕರಗುವುದಿಲ್ಲ, ಅಲ್ಲೇ ಪೊರೆಯಾಗಿ ಕೂರುತ್ತದೆ. ಅದರ ಬದಲು ಫ್ಲೂಬೋರಿಕ್ ಆಮ್ಲದಲ್ಲಿ ಅದ್ದಬೇಕು, ಅದು ಸೀಸವನ್ನು ಕರಗಿಸುತ್ತದೆ. ಚೆನ್ನಾಗಿ ತೊಳೆದು, ಮೊದಲು ತಾಮ್ರದ ತೆಳು ಪದರ, ಆಮೇಲೆ ನಿಕ್ಕಲ್.

ಕೂಲೆಂಟ್ ತಾಗಿದಲ್ಲಿ ಕಂದು ಅಥವಾ ಕಪ್ಪು ಕಲೆಯಾದರೆ ಎಣ್ಣೆಯ ಡಬ್ಬಿಯ ಮೇಲಿನ ಬರಹ ಓದಿ. ಉಕ್ಕಿಗೆಂದು ಸಕ್ರಿಯ ಗಂಧಕ ಸೇರಿಸಿದ ಕಟಿಂಗ್ ಎಣ್ಣೆ ಹಿತ್ತಾಳೆಯನ್ನು ಕಪ್ಪಾಗಿಸುತ್ತದೆ. ತಾಮ್ರದ ಲೋಹಗಳಿಗೆ ಆಗುತ್ತದೆ ಎಂದು ಬರೆದಿರುವ ಎಣ್ಣೆಯನ್ನೇ ತನ್ನಿ.

ಟ್ರೇಯಲ್ಲಿ ಕೂಡಿದ ಪುಡಿಯನ್ನು ಗಾಳಿಯ ಪೈಪಿನಿಂದ ಊದಬೇಡಿ. ಸೂಜಿ ಚೂರು ಕಣ್ಣಿಗೆ ಹೋಗುತ್ತದೆ, ಸೀಸದ ಧೂಳು ಉಸಿರಿಗೆ ಹೋಗುತ್ತದೆ. ಬ್ರಷ್ಷಿನಿಂದ ಎಳೆದುಕೊಂಡು, ಊಟಕ್ಕೆ ಮೊದಲು ಕೈಯನ್ನು ಸೋಪು ಹಾಕಿ ತೊಳೆಯಿರಿ. ಪುಡಿ ಚೀಲಕ್ಕೆ ಸೇರುವ ಮೊದಲು ಒಮ್ಮೆ ಅಯಸ್ಕಾಂತ ಆಡಿಸಿ ಉಕ್ಕಿನ ಚೂರುಗಳನ್ನು ಹೆಕ್ಕಿ ತೆಗೆಯಿರಿ. ಈ ಪುಡಿಯೇ ಕರಗಿ ಮತ್ತೆ ರಾಡಾಗಿ ಬರುವಾಗ ಆ ಚೂರುಗಳೇ ಟೂಲಿನ ಬಾಯಿ ಮುರಿಯುವ ಗಟ್ಟಿ ಕಾಳುಗಳಾಗುತ್ತವೆ.